ಸ್ಟೌಟಿಗೆ ಐಸ್ ಮಗ್ಗು ಬೇಡ

ಮಾನ್ಯ ಸಂಪಾದಕರೇ,

ಹಾಸನದಲ್ಲಿ 31 ವರ್ಷ ಕಾಫಿಪುಡಿ ಅಂಗಡಿ ನಡೆಸಿದವನು ನಾನು. ಹುರಿಯುವ ಡ್ರಮ್ಮಿನ ಮುಂದೆ ನಿಂತು ನಿಂತೇ ಮೂಗು ಪಳಗಿದೆ. ಆ ಮೂಗಿನ ಮಾತು ಇದು.

ಕಳೆದ ತಿಂಗಳು ಬೆಂಗಳೂರಿನ ಒಂದು ಪಬ್ಬಿನಲ್ಲಿ, ಅಲ್ಲೇ ತಯಾರಿಸಿದ ಸ್ಟೌಟ್ ಎಂಬ ಕಪ್ಪು ಬಿಯರ್ ಕೇಳಿದೆ. ಫ್ರೀಜರಿನಿಂದ ತೆಗೆದ ಮಗ್ಗಿನಲ್ಲಿ ತಂದಿಟ್ಟರು. ಮಗ್ಗಿನ ಮೈಗೆಲ್ಲ ಮಂಜು ಕಟ್ಟಿತ್ತು, ಬೆರಳು ಅಂಟುತ್ತಿತ್ತು. ಒಂದು ಗುಟುಕಿಗೆ ನಾಲಿಗೆ ಮರಗಟ್ಟಿತು. ವಾಸನೆಯೇ ಇಲ್ಲ, ಬರೀ ಕಹಿ. ಪಕ್ಕದ ಮೇಜಿನ ಹುಡುಗ ಅದನ್ನೇ ತರಿಸಿಕೊಂಡು ಅರ್ಧಕ್ಕೇ ಬಿಟ್ಟು ಎದ್ದ. ನನಗೆ ಹೊಟ್ಟೆ ಉರಿಯಿತು. ತಪ್ಪು ಬಿಯರಿನದಲ್ಲ ಅಲ್ವಾ? ಮಗ್ಗನ್ನು ಎರಡೂ ಅಂಗೈಯಲ್ಲಿ ಹಿಡಿದು 20 ನಿಮಿಷ ಕೂತೆ. ಆಮೇಲೆ ಒಂದೊಂದೇ ಬಂತು. ಮೊದಲು ಸೀದ ಬ್ರೆಡ್ಡಿನ ಅಂಚು, ಅದರ ಹಿಂದೆ ಬೆಲ್ಲದ ಪಾಕ, ಕೊನೆಗೆ ಆಗಷ್ಟೇ ಡ್ರಮ್ಮಿನಿಂದ ಇಳಿಸಿದ ಪೀಬರಿ ಕಾಫಿಬೀಜದ ಘಮ.

ಈ ಕಾಫಿ ನಂಟು ನಿಜವಾದದ್ದೇ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಕಪ್ಪು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹುರಿಯಲು ಪೇಟೆಂಟ್ ಪಡೆದದ್ದು ಕಾಫಿ ಡ್ರಮ್ಮಿನಂಥದೇ ತಿರುಗುವ ಸಿಲಿಂಡರಿಗೆ. 200 ಡಿಗ್ರಿ ದಾಟಿಸಿ ಹುರಿದ ಆ ಮಾಲ್ಟ್ ನೂರಕ್ಕೆ ಐದಾರು ಪಾಲು ಬಿದ್ದರೂ ಸಾಕು, ಇಡೀ ಹಂಡೆ ಬಿಯರ್ ಕಪ್ಪಾಗುತ್ತದೆ. ಇಳಿಸುವುದು ಸ್ವಲ್ಪ ತಡವಾದರೆ ಬೂದಿ ರುಚಿ. ನಮ್ಮ ಕಸುಬಿನಲ್ಲೂ ಅದೇ ಭಯ.

ಎರಡು ವರ್ಷದ ಹಿಂದೆ ಮಗಳ ಮನೆಗೆ ಲಂಡನ್ನಿಗೆ ಹೋಗಿದ್ದೆ. ಬರ್ಮಂಡ್ಸೆಯಲ್ಲಿ ರೈಲು ಹಳಿಯ ಕೆಳಗಿನ ಇಟ್ಟಿಗೆ ಕಮಾನಿನೊಳಗೆ ಬಿಯರ್ ಮಾಡುತ್ತಾರೆ. ಅಲ್ಲಿ ಇಂಪೀರಿಯಲ್ ಸ್ಟೌಟ್ ಕುಡಿದೆ. 18ನೇ ಶತಮಾನದಲ್ಲಿ ಪಕ್ಕದ ಸದರ್ಕ್‌ನಿಂದ ರಷ್ಯದ ಅರಮನೆಗೆ ಹಡಗು ಹತ್ತುತ್ತಿದ್ದ ಜಾತಿ ಅದು. ಶೇ 10ರ ಹತ್ತಿರ ಆಲ್ಕೋಹಾಲ್, ಮಾಮೂಲಿ ಲಾಗರ್ ಬಿಯರಿನ ಎರಡರಷ್ಟು. ಅದಕ್ಕೇ ಕೊಟ್ಟದ್ದು ಪಿಂಟಿನ ಮೂರನೇ ಒಂದು ಪಾಲು, ಸುಮಾರು 190 ಮಿಲಿ. ಗ್ಲಾಸು ಬಾವಿನೀರಿನಷ್ಟು ತಂಪು, ಅಷ್ಟೇ. ನೊರೆ ನಮ್ಮ ಫಿಲ್ಟರ್ ಕಾಫಿಯ ಬಣ್ಣ. ಬೆಳಕಿಗೆ ಹಿಡಿದರೂ ಕಪ್ಪೇ, ಅಂಚಿನಲ್ಲಿ ಮಾತ್ರ ಒಂದೆಳೆ ಕೆಂಪು. ಗುಟುಕು ಮಂದವಾಗಿ ಇಳಿಯಿತು. ಒಣದ್ರಾಕ್ಷಿಯ ಸಿಹಿ ಮೊದಲು, ಆಮೇಲೆ ಗಟ್ಟಿ ಡಿಕಾಕ್ಷನ್ನಿನ ಕಹಿ. ನುಂಗಿ ಎಷ್ಟೋ ಹೊತ್ತಾದರೂ ಆ ಕಹಿ ಬಾಯಲ್ಲೇ ಇತ್ತು. ಅಷ್ಟನ್ನು ಕುಡಿಯಲು ಒಂದು ಗಂಟೆ ಹಿಡಿಯಿತು. ಅದರ ಮುಂದೆ ಅವಸರ ಮಾಡಲು ಮನಸ್ಸೇ ಬರಲಿಲ್ಲ.

ಬೆಂಗಳೂರಿನ ಪಬ್ಬಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಸ್ಟೌಟನ್ನು 10–12 ಡಿಗ್ರಿಯಲ್ಲಿ ಕೊಡಿ. ಮಗ್ಗು ಫ್ರೀಜರಿಗೆ ಹಾಕಬೇಡಿ. ಜಾಸ್ತಿ ತಣ್ಣಗಾದರೆ ಪರಿಮಳ ಮೇಲೇಳುವುದೇ ಇಲ್ಲ. ಬಿಯರ್ ಮಾಡುವವರು ವಾರಗಟ್ಟಲೆ ಕಾದು ತಂದ ರುಚಿಯನ್ನು ಬಡಿಸುವ ಕೊನೆಯ ನಿಮಿಷದಲ್ಲಿ ಯಾಕೆ ಕೊಲ್ಲಬೇಕು? ಆಲ್ಕೋಹಾಲ್ ಜಾಸ್ತಿ ಇರುವ ಸ್ಟೌಟಿಗೆ ಸಣ್ಣ ಅಳತೆಯನ್ನೂ ಇಡಿ.

ಅಂದು ಬಡಿಸಿದ ಹುಡುಗನಿಗೂ ಇದನ್ನೇ ಹೇಳಿದೆ. ಅವನು ಮಗ್ಗು ಮುಟ್ಟಿ ನೋಡಿದ. ‘ಮುಂದಿನ ಸಲ ಬನ್ನಿ ಸರ್, ನಿಮಗೆ ಹೊರಗಿಟ್ಟ ಗ್ಲಾಸಲ್ಲೇ ಕೊಡ್ತೀನಿ’ ಅಂದ.

– ನಿವೃತ್ತ ಕಾಫಿಪುಡಿ ವ್ಯಾಪಾರಿ, ಹಾಸನ