ಗೆಳೆಯನಿಗೊಂದು ಪತ್ರ: ಫೋನಿಗೆ ಹಾಡಿದ್ದನ್ನೇ ಬಿಡುಗಡೆ ಮಾಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಎರಡೂ ರೆಕಾರ್ಡಿಂಗ್ ಕೇಳಿದೆ. ಸ್ಟುಡಿಯೋದಲ್ಲಿ ಕೀಬೋರ್ಡು, ಡ್ರಮ್ಸು, ಕೊಳಲು ಎಲ್ಲ ಸೇರಿಸಿ ಮಾಡಿದ್ದು ಒಂದು. ಅದಕ್ಕೂ ಮೊದಲು ಮನೆಯಲ್ಲಿ ಗಿಟಾರ್ ಹಿಡಿದು ಫೋನಿಗೆ ಹಾಡಿದ್ದು ಇನ್ನೊಂದು. ಯಾವುದನ್ನು ಬಿಡುಗಡೆ ಮಾಡಲಿ ಅಂತ ಕೇಳಿದ್ದೀಯ. ಫೋನಿನದ್ದೇ ಮಾಡು. ಯಾಕೆ ಅಂತ ಹೇಳಬೇಕಾದರೆ ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕತೆ ಹೇಳಬೇಕು.

1980ರಲ್ಲಿ ಬಂದ ಅವನ ‘ದಿ ರಿವರ್’ ಆಲ್ಬಂ ಅಮೆರಿಕದ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಬೆನ್ನಿಗೆ ಅವನದೇ ಇ ಸ್ಟ್ರೀಟ್ ಬ್ಯಾಂಡ್, ಎದುರಿಗೆ ಸಾವಿರಾರು ಜನ. ಅಂಥ ಹೊತ್ತಿನಲ್ಲಿ ಅವನು ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತ. ಸ್ಟುಡಿಯೋದಲ್ಲಿ ಹಾಡು ಕಟ್ಟುತ್ತಾ ಕೂತರೆ ದುಡ್ಡೂ ಹಾಳು, ಸಮಯವೂ ಹಾಳು. ಮನೆಯಲ್ಲೇ ಹಾಡಿಟ್ಟುಕೊಂಡು ಆಮೇಲೆ ಬ್ಯಾಂಡಿಗೆ ಕಲಿಸೋಣ ಅನ್ನೋದು ಅವನ ಲೆಕ್ಕ. ಅವನ ಗಿಟಾರ್‌ಗಳನ್ನು ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಒಂದು ಟಿಯಾಕ್ ಪೋರ್ಟಾಸ್ಟುಡಿಯೋ ತಂದುಕೊಟ್ಟ. ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುವ ಯಂತ್ರ ಅದು. ಜೊತೆಗೆ ಎರಡು ಮೈಕು. 1982ರ ಜನವರಿಯಲ್ಲಿ ಮಲಗುವ ಕೋಣೆಯಲ್ಲಿ ಕೂತು ಹಾಡಿದ.

ನಾಲ್ಕು ಟ್ರ್ಯಾಕ್ ಅಂದರೆ ಏನು ಗೊತ್ತಲ್ಲ? ಬೇರೆ ಬೇರೆಯಾಗಿ ದನಿ ತುಂಬೋಕೆ ನಾಲ್ಕೇ ಜಾಗ. ದನಿ ಮತ್ತು ಗಿಟಾರಿಗೇ ಎರಡು ಹೋಯಿತು. ಉಳಿದದ್ದು ಎರಡು. ಅದರಲ್ಲಿ ಒಂದು ಹಾರ್ಮೋನಿಕಾ, ಇಲ್ಲಾ ಮ್ಯಾಂಡೊಲಿನ್, ಇಲ್ಲಾ ಇನ್ನೊಂದು ದನಿ. ಅಷ್ಟೇ ಜಾಗ. ಜಾಸ್ತಿ ಏನಾದರೂ ತುಂಬೋಣ ಅಂದರೂ ತುಂಬೋಕೆ ಆಗಲ್ಲ. ಅದನ್ನು ಒಂದು ಹಳೇ ಪ್ಯಾನಸಾನಿಕ್ ಟೇಪ್‌ರೆಕಾರ್ಡರಿಗೆ ಇಳಿಸಿಕೊಂಡ. ನೀರಿಗೆ ಬಿದ್ದು ಕೆಟ್ಟು, ಮತ್ತೆ ಬದುಕಿದ್ದ ಪೆಟ್ಟಿಗೆ ಅದು. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ.

ಆಮೇಲೆ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಬ್ಯಾಂಡಿನ ಜೊತೆ ಅವೇ ಹಾಡುಗಳನ್ನು ನುಡಿಸಿ ನೋಡಿದರು. ನುಡಿಸಿದವರೇನು ಕಮ್ಮಿಯವರಲ್ಲ. ಆದರೂ ಕೂಡಿಬರಲಿಲ್ಲ. ಕೊನೆಗೆ ಜೇಬಿನಲ್ಲಿದ್ದ ಆ ಕ್ಯಾಸೆಟ್ಟೇ ಆಲ್ಬಂ ಆಯಿತು. ಮನೆಯ ಟೇಪಿನಲ್ಲಿದ್ದದ್ದನ್ನು ಎಲ್‌ಪಿ ತಟ್ಟೆಗೆ ಸರಿಯಾಗಿ ಇಳಿಸೋಕೇ ಹರಸಾಹಸಪಟ್ಟರು. 1982ರ ಸೆಪ್ಟೆಂಬರ್ 30ಕ್ಕೆ ‘ನೆಬ್ರಾಸ್ಕಾ’ ಹೊರಬಂತು. ಅದಕ್ಕಾಗಿ ಅವನು ಟೂರ್ ಕೂಡ ಮಾಡಲಿಲ್ಲ.

ಒಂದು ರೀತಿಯಲ್ಲಿ ಅದು ಅವನಿಗೆ ಹೊಸದಲ್ಲ. 1972ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯ ಜಾನ್ ಹ್ಯಾಮಂಡ್ ಎದುರು ಅವನು ಹಾಡಿದ್ದೂ ಒಬ್ಬನೇ, ಒಂದು ಗಿಟಾರ್ ಹಿಡಿದು.

‘ನೆಬ್ರಾಸ್ಕಾ’ದಲ್ಲಿ ‘ಯೂಸ್ಡ್ ಕಾರ್ಸ್’ ಅಂತ ಒಂದು ಹಾಡಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಸಂಸಾರವೆಲ್ಲ ಹೋಗಿದೆ. ಅಮ್ಮ ಬೆರಳಿನ ಮದುವೆ ಉಂಗುರ ಸವರುತ್ತಾ ಕೂತಿದ್ದಾಳೆ. ಕಾರು ಮಾರುವವನು ಅಪ್ಪನ ಕೈಗಳನ್ನೇ ನೋಡುತ್ತಿದ್ದಾನೆ. ಇದನ್ನೆಲ್ಲ ಹುಡುಗ ನೋಡುತ್ತಿದ್ದಾನೆ. ಬಡತನ ಅನ್ನೋ ಮಾತೇ ಎತ್ತದೆ ಎಲ್ಲ ಹೇಳಿಬಿಡುತ್ತಾನೆ. ಸ್ಪ್ರಿಂಗ್‌ಸ್ಟೀನ್‌ನ ಅಪ್ಪನೂ ಬಸ್ ಓಡಿಸುವುದೂ ಸೇರಿ ಸಿಕ್ಕ ಸಿಕ್ಕ ಕೆಲಸ ಮಾಡಿದವರು. ಈ ಹಾಡಿಗೆ ಜೋರಾಗಿ ಡ್ರಮ್ಸ್ ಹೊಡೆದರೆ ಆ ಹುಡುಗ ಎಲ್ಲಿ ಉಳಿಯುತ್ತಾನೆ ಹೇಳು? ನಮ್ಮ ತತ್ವಪದದವರು ಒಂದು ಏಕತಾರಿ ಸಾಕು ಅಂದುಕೊಂಡಿದ್ದೂ ಇದಕ್ಕೇ ಇರಬೇಕು. ಕೇಳುವವನ ಕಿವಿ ಮಾತಿನ ಮೇಲೇ ನಿಲ್ಲುತ್ತೆ.

ಈಗ ನಿನ್ನ ಹಾಡಿಗೆ ಬರ್ತೀನಿ. ಅಪ್ಪ ಅಂಗಡಿ ಬಾಗಿಲು ಹಾಕುವ ಸಾಲಿದೆಯಲ್ಲ, ಫೋನಿಗೆ ಹಾಡುವಾಗ ಅದಕ್ಕೆ ಮೊದಲು ಒಂದು ಉಸಿರು ಜಾಸ್ತಿ ನಿಂತಿದ್ದೀಯ. ಗಿಟಾರೂ ನಿನ್ನ ಜೊತೆ ನಿಂತಿದೆ. ಮುಂದಿನ ಸಾಲು ಹಾಡೋಕೆ ನಿನಗೆ ಕಷ್ಟವಾಗ್ತಿದೆ ಅಂತ ಕೇಳುವವರಿಗೆ ಗೊತ್ತಾಗುತ್ತೆ. ಸ್ಟುಡಿಯೋದಲ್ಲಿ ತಾಳ ಮೊದಲೇ ಗೊತ್ತಾಗಿಹೋಗಿದೆ, ಅದು ನಿನಗಾಗಿ ಕಾಯಲ್ಲ. ನೀನು ಸರಿಯಾದ ಮಾತ್ರೆಗೆ ಬಂದು ಸಾಲು ಮುಗಿಸಿದ್ದೀಯ. ಶ್ರುತಿ ಚೆನ್ನಾಗಿದೆ, ಉಚ್ಚಾರ ಚೆನ್ನಾಗಿದೆ. ಆದರೆ ಆ ಸಾಲು ಎದೆಗೆ ತಾಕದೆ ದಾಟಿಹೋಯಿತು.

ಬ್ಯಾಂಡೇ ಬೇಡ ಅಂತ ನಾನು ಹೇಳ್ತಿಲ್ಲ ಮಾರಾಯ. ಅದೇ ದಿನಗಳಲ್ಲಿ ಅವನು ಮನೆಯಲ್ಲಿ ಹಾಡಿಟ್ಟಿದ್ದ ಇನ್ನೊಂದು ಹಾಡು ‘ಬಾರ್ನ್ ಇನ್ ದಿ ಯು.ಎಸ್.ಎ.’. ಅದನ್ನು ಬ್ಯಾಂಡಿಗೆ ಕೊಟ್ಟ. 1984ರಲ್ಲಿ ಅದು ಲೋಕವೆಲ್ಲ ಸುತ್ತಿತು. ಯಾವ ಹಾಡನ್ನು ಯಾರ ಕೈಗೆ ಕೊಡಬೇಕು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಅನ್ನೋದು ಅವನಿಗೆ ಗೊತ್ತಾಯಿತು. 1995ರಲ್ಲಿ ‘ದಿ ಘೋಸ್ಟ್ ಆಫ್ ಟಾಮ್ ಜೋಡ್’ ಆಲ್ಬಂ ಬಂದಾಗ ಮತ್ತೆ ಹಾಗೇ ಮಾಡಿದ. ಸಣ್ಣ ಥಿಯೇಟರುಗಳಲ್ಲಿ ಒಬ್ಬನೇ ಹಾಡಿದ. ಹಾಡುವಾಗ ದಯವಿಟ್ಟು ಸದ್ದು ಮಾಡಬೇಡಿ ಅಂತ ಜನರನ್ನು ಕೇಳಿಕೊಂಡ.

ಬ್ಯಾಂಡಿನ ಜೊತೆ ಮಾಡಿದ ಆ ‘ನೆಬ್ರಾಸ್ಕಾ’ ರೆಕಾರ್ಡಿಂಗುಗಳು 2025ರಲ್ಲಿ ಹೊರಬಂದಿವೆ. ಅದರಲ್ಲಿನ ‘ಅಟ್ಲಾಂಟಿಕ್ ಸಿಟಿ’ ಹಾಡನ್ನು ಎರಡರಲ್ಲೂ ಕೇಳು. ಮೊದಲು ಕ್ಯಾಸೆಟ್ಟಿನದು, ಆಮೇಲೆ ಬ್ಯಾಂಡಿನದು. ಕೇಳಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಸ್ಟುಡಿಯೋದಲ್ಲಿ ನುಡಿಸಿದ ಹುಡುಗರನ್ನು ಮಾತ್ರ ಬಿಡಬೇಡ, ಚೆನ್ನಾಗಿ ನುಡಿಸ್ತಾರೆ. ಜಾತ್ರೆ ಮೇಲೆ ಬರೆದಿದ್ದೀಯಲ್ಲ, ಆ ಹಾಡನ್ನು ಅವರಿಗೆ ಕೊಡು.

ಇಂತಿ ನಿನ್ನ ಗೆಳೆಯ