ಹಾರದ ನೌಕೆಗಳನ್ನು ಹಾರಿಸಿದ ವಸ್ತುಪ್ರದರ್ಶನ

ಮಾನ್ಯ ಸಂಪಾದಕರೇ,

ಸಂತೆ ಮೈದಾನದ ವಿಜ್ಞಾನ ವಸ್ತುಪ್ರದರ್ಶನದ ಬಗ್ಗೆ ಸೋಮವಾರ ಬಣ್ಣದ ಚಿತ್ರದೊಂದಿಗೆ ವರದಿ ಹಾಕಿದ್ದೀರಲ್ಲ, ಅದನ್ನು ನಂಬಿ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಬಂದ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವರದಿಗಾರರು ಮಳಿಗೆಗಳ ಒಳಗೆ ಕಾಲಿಟ್ಟಿದ್ದರೋ, ಉದ್ಘಾಟನೆಯ ಊಟ ಮುಗಿಸಿ ಹಾಗೆಯೇ ಹೊರಟರೋ ತಿಳಿಯದು.

‘ಬಾಹ್ಯಾಕಾಶ ವಿಮಾನಗಳು’ ಎಂಬ ಮಳಿಗೆಯಲ್ಲಿ ಯುರೋಪಿನ ಹರ್ಮೀಸ್ ನೌಕೆಯ ಥರ್ಮಾಕೋಲ್ ಮಾದರಿ ಇದೆ. ‘ಯಾತ್ರಿಗಳನ್ನು ಹೊತ್ತು ಅನೇಕ ಬಾರಿ ಹೋಗಿ ಬಂದ ನೌಕೆ’ ಎಂದು ಫಲಕ. ಸ್ವಾಮಿ, ಹರ್ಮೀಸ್ ಒಮ್ಮೆಯೂ ಹಾರಲಿಲ್ಲ. ಹಾರುವುದಿರಲಿ, ಅಣಕು ಮಾದರಿಗಳನ್ನು ಬಿಟ್ಟರೆ ಅದನ್ನು ಕಟ್ಟಲೇ ಇಲ್ಲ. ಏರಿಯಾನ್-5 ರಾಕೆಟ್ಟಿನ ನೆತ್ತಿಯ ಮೇಲೆ ಕೂರಿಸಿ ಕಳುಹಿಸಬೇಕೆಂಬುದು ಯೋಜನೆಯಾಗಿತ್ತು. 1986ರಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಯಾತ್ರಿಗಳ ಸಮೇತ ದುರಂತಕ್ಕೀಡಾದ ಮೇಲೆ ಯಾತ್ರಿಗಳ ಸುರಕ್ಷತೆಗೆ ಇನ್ನಷ್ಟು ಏರ್ಪಾಡು ಬೇಕೆಂದರು. ತೂಕ ಏರಿತು, ಆರು ಮಂದಿಯ ನೌಕೆ ಮೂವರಿಗೆ ಇಳಿಯಿತು, ಖರ್ಚು ಕೈಮೀರಿತು, 1992ರಲ್ಲಿ ಕೈಬಿಟ್ಟರು. ಪಾಪ, ಆ ರಾಕೆಟ್ಟು ಮಾತ್ರ 1996ರಿಂದ 2023ರವರೆಗೆ ದುಡಿಯಿತು, ಒಬ್ಬ ಮನುಷ್ಯನನ್ನೂ ಒಯ್ಯದೆ. ಹೇಳಿದರೆ ಮಕ್ಕಳು ಬಾಯಿಬಿಟ್ಟು ಕೇಳುವ ಕಥೆ ಇದು. ಇವರಿಗೆ ಸುಳ್ಳೇ ರುಚಿಸಿದೆ.

ಪಕ್ಕದಲ್ಲಿ ‘ರಷ್ಯಾದ ಹೆಮ್ಮೆಯ ಮಾಕ್ಸ್’. ಆಂಟೊನೊವ್-225 ವಿಮಾನದ ಬೆನ್ನೇರಿ ಹೋಗಿ, ಆಕಾಶದಲ್ಲಿ ಬಿಡಿಸಿಕೊಂಡು ಕಕ್ಷೆಗೆ ಏರಬೇಕಿದ್ದ ನೌಕೆ ಅದು. ಸೋವಿಯತ್ ಒಕ್ಕೂಟ ಮುರಿಯಿತು, ದುಡ್ಡು ನಿಂತಿತು, ನಕ್ಷೆ ನಕ್ಷೆಯಾಗಿಯೇ ಉಳಿಯಿತು. ಆ ದೈತ್ಯ ವಿಮಾನವೂ 2022ರ ಯುದ್ಧದಲ್ಲಿ ಸುಟ್ಟುಹೋಯಿತು. ಮರುಬಳಕೆಯ ಹೊಸ ನೌಕೆಗೆಂದು ಅದೇ ರಷ್ಯಾದವರು ಯೋಜಿಸಿ 2011ರಲ್ಲಿ ರದ್ದುಮಾಡಿದ ರುಸ್-ಎಂ ರಾಕೆಟ್ಟಿಗೂ ಇಲ್ಲಿ ‘ಯಶಸ್ವಿ’ ಎಂಬ ಬಿರುದು! ವಿವರಿಸಲು ನಿಂತಿದ್ದ ಹುಡುಗನನ್ನು ಕೇಳಿದರೆ, ‘ಫಲಕದಲ್ಲಿ ಇರುವಷ್ಟೇ ಹೇಳಬೇಕು ಸಾರ್’ ಎಂದ. ಅವನದೇನು ತಪ್ಪು?

ನಿಜವಾಗಿ ಹಾರಿದ್ದಕ್ಕೆ ಮಾತ್ರ ಜಾಗವಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇಸ್ರೋದ ಮರುಬಳಕೆಯ ರೆಕ್ಕೆ ನೌಕೆಯ ಪ್ರಯೋಗ ಮಾದರಿ ಪುಷ್ಪಕ್, 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ, ಸುಮಾರು 4.5 ಕಿ.ಮೀ. ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ರನ್‌ವೇಗೆ ಇಳಿಯಿತು. ಅದರಲ್ಲಿ ಯಾತ್ರಿಗಳಿರಲಿಲ್ಲ, ನಿಜ. ಆದರೆ ಥರ್ಮಾಕೋಲಿನದಂತೂ ಅಲ್ಲವಲ್ಲ.

ಇಷ್ಟನ್ನು ನೋಡಲು ಪಟ್ಟ ಪಾಡು ಕೇಳಿ. ಸ್ಕೂಟರ್ ನಿಲ್ಲಿಸಲು ಹಣ ಕಿತ್ತುಕೊಂಡರು, ರಸೀದಿ ಕೇಳಿದರೆ ಗುರಾಯಿಸಿದರು. ವಾಪಸ್ ಬಂದಾಗ ಕನ್ನಡಿ ಒಡೆದಿತ್ತು. ಬಿಸಿಲಿನಲ್ಲಿ ಸರದಿ, ನೆರಳೆಲ್ಲ ಗಣ್ಯರ ಕುರ್ಚಿಗಳಿಗೆ. ಕುಡಿಯುವ ನೀರಿನ ಡ್ರಮ್ಮಿನಲ್ಲಿ ಲೋಟವಿತ್ತು, ನೀರಿರಲಿಲ್ಲ. ಶೌಚಾಲಯಕ್ಕೆ ಬೀಗ. ಅಭಿಪ್ರಾಯ ಪುಸ್ತಕದಲ್ಲಿ ತಪ್ಪುಗಳನ್ನು ಬರೆಯೋಣವೆಂದರೆ ಅದು ಬೀರುವಿನಲ್ಲಿದೆ, ಬೀಗದ ಕೈ ಗುಮಾಸ್ತರ ಬಳಿ, ಗುಮಾಸ್ತರು ಊಟಕ್ಕೆ. ನಾಲ್ಕು ಗಂಟೆಗೆ ಎಂಥ ಊಟವೋ!

ಕಟ್ಟದ್ದನ್ನು ಕಟ್ಟಿದೆವು ಎನ್ನುವುದು ನಮ್ಮ ಅಧಿಕಾರಿಗಳಿಗೆ ಹೊಸದಲ್ಲ. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಎರಡೇ ಗಂಟೆಯಲ್ಲಿ ಟೋಕಿಯೊ ಮುಟ್ಟುವ, ಬೇಕೆಂದರೆ ಕಕ್ಷೆಗೇ ಏರುವ ವಿಮಾನ ಬರಲಿದೆ ಎಂದು ಸಂಸತ್ತಿನಲ್ಲಿ ಘೋಷಿಸಿದ್ದರು. ಅದೂ ಬರಲಿಲ್ಲ. ಆದರೆ ಅವರು ಶಂಕುಸ್ಥಾಪನೆಯ ಕಲ್ಲನ್ನಂತೂ ನೆಡಲಿಲ್ಲ. ನಮ್ಮ ಕೆರೆ ಏರಿಯ ಪಕ್ಕದ ತಾರಾಲಯಕ್ಕೆ ಕಲ್ಲು ಹಾಕಿದರು, ಈಗ ಅದಕ್ಕೆ ಎಮ್ಮೆ ಕಟ್ಟುತ್ತಾರೆ. ಗ್ರಂಥಾಲಯಕ್ಕೆ ವಿಜ್ಞಾನ ಪತ್ರಿಕೆ ತರಿಸುವುದನ್ನು ನಿಲ್ಲಿಸಿದವರೂ ಇವರೇ. ಮನವಿ ಕೊಟ್ಟರೆ ‘ಪರಿಶೀಲಿಸಲಾಗುವುದು’ ಎಂಬ ಮುದ್ರೆ ಒತ್ತಿ ಕೊಡುತ್ತಾರೆ. ಕಂದಾಯ ಕಟ್ಟುವುದು ಒಂದು ದಿನ ತಡವಾಗಲಿ, ಆಗ ನೋಡಬೇಕು ಇವರ ಚುರುಕು.

ಫಲಕಗಳನ್ನು ಕೂಡಲೇ ತಿದ್ದಬೇಕು, ಇಲ್ಲವೇ ಪ್ರದರ್ಶನವನ್ನೇ ಮುಚ್ಚಬೇಕು. ತಾರಾಲಯವನ್ನೂ ಕಟ್ಟಲಿ, ಕನಿಷ್ಠ ಶೌಚಾಲಯದ ಬೀಗವನ್ನಾದರೂ ತೆಗೆಯಲಿ. ಸಂಬಂಧಪಟ್ಟವರು ಗಮನಿಸಬೇಕು ಎಂದು ಬರೆಯುವುದು ವಾಡಿಕೆ. ಸಂಬಂಧಪಟ್ಟವರು ಯಾರು ಎಂದು ಮೊದಲು ಅವರೇ ತಿಳಿಸಲಿ. ನಾಚಿಕೆಗೇಡು.

— ನಿವೃತ್ತ ವಿಜ್ಞಾನ ಶಿಕ್ಷಕ