ಬೇಗನೆ ‘ಬೇಡ’ ಅಂದವರಿಗೂ ನನ್ನ ವಂದನೆ

ಔಷಧ ಸಂಶೋಧನಾ ವಿಭಾಗದ ಮುಖ್ಯಸ್ಥೆಯ ಹೊಣೆಯಿಂದ ಕಳೆದ ವಾರ ನಿವೃತ್ತಳಾದೆ. ಹಾರೈಕೆಗಳು ಇನ್ನೂ ಬರುತ್ತಲೇ ಇವೆ. ಓದಿ ಮನಸ್ಸು ತುಂಬಿದೆ. ಆದರೆ ಆ ಹೊಗಳಿಕೆಯಲ್ಲಿ ಬಹುಪಾಲು ಬೇರೆಯವರಿಗೆ ಸೇರಬೇಕಾದದ್ದು. ಅದನ್ನು ಅವರವರಿಗೆ ಮುಟ್ಟಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಂಚಿನಲ್ಲಿ ನಿಂತು ಕೆಲಸ ಮಾಡಿದವರಿಗೆ. ಮೀಟಿಂಗಿನಲ್ಲಿ ಬೋರ್ಡ್ ಮೇಲೆ ಒಂದು ಅಣುವಿನ ರಚನೆ ಬರೆಯಲು ಐದು ನಿಮಿಷ ಸಾಕು. ‘ಇಲ್ಲೊಂದು ಫ್ಲೋರಿನ್ ಹಾಕೋಣ, ಈ ಉಂಗುರ ಬದಲಿಸೋಣ’ ಅಂತ ಹೇಳುವುದು ಸುಲಭ. ಅದನ್ನು ಫ್ಲಾಸ್ಕಿನಲ್ಲಿ ಮಾಡಿ ತೋರಿಸಲು ಎಷ್ಟೋ ಸಲ ವಾರಗಳೇ ಹಿಡಿಯುತ್ತವೆ. ರಿಯಾಕ್ಷನ್ ನಡೆಯುವುದಿಲ್ಲ. ನಡೆದರೂ ಶುದ್ಧಮಾಡುವ ಕಾಲಮ್‌ನಲ್ಲಿ ಬೇರ್ಪಡುವುದಿಲ್ಲ. ಬೇರ್ಪಟ್ಟರೂ ಕೈಗೆ ಸಿಗುವುದು ಕೆಲವೇ ಮಿಲಿಗ್ರಾಂ. ಇಷ್ಟು ಕಷ್ಟಪಟ್ಟು ಮಾಡಿದ ಕಾಂಪೌಂಡ್ ಟಾರ್ಗೆಟ್ ಪ್ರೋಟೀನಿಗೆ (ಔಷಧ ಗುರಿಯಿಡುವ ಪ್ರೋಟೀನಿಗೆ) ಗಟ್ಟಿಯಾಗಿ ಅಂಟಿಕೊಂಡರೂ ಸಾಲದು. ಅದು ನೀರಿನಲ್ಲಿ ಕರಗಬೇಕು, ಕರುಳಿನ ಗೋಡೆ ದಾಟಬೇಕು, ಲಿವರ್‌ನ ಕಿಣ್ವಗಳ ಕೈಯಿಂದ ಪಾರಾಗಬೇಕು, ಹೃದಯದ ಬಡಿತದ ಲಯ ಕಾಯುವ ಪೊಟ್ಯಾಸಿಯಂ ಚಾನೆಲ್ ತಂಟೆಗೆ ಹೋಗಬಾರದು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಈ ಜಗ್ಗಾಟದ ನಡುವೆ ಬೇಸರಿಸದೆ ಮತ್ತೆ ಲ್ಯಾಬಿನ ಹೊಗೆ ಹೀರುವ ಹುಡ್ ಮುಂದೆ ನಿಂತ ನಿಮ್ಮೆಲ್ಲರಿಗೂ ನಾನು ಋಣಿ.

ಕಾಂಪೌಂಡ್‌ಗಳ ವಿಷಗುಣ ಪರೀಕ್ಷಿಸುವ ಟಾಕ್ಸಿಕಾಲಜಿಯ ಗೆಳೆಯರಿಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಎಷ್ಟೋ ಮೀಟಿಂಗುಗಳಲ್ಲಿ ಎಲ್ಲರ ಮುಖ ಬಾಡಿಸುವ ಸುದ್ದಿ ತರುತ್ತಿದ್ದವರು ನೀವು. ಆದರೆ ಔಷಧಗಳ ಚರಿತ್ರೆ ನಿಮ್ಮ ಪರವಾಗಿದೆ. ಬ್ರಿಟನ್ನಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ತಂಡ ಹೊಟ್ಟೆಯ ಹುಣ್ಣಿಗೆ ಔಷಧ ಹುಡುಕುತ್ತಿದ್ದಾಗ ಮೆಟಿಯಾಮೈಡ್ ಅನ್ನುವ ಕಾಂಪೌಂಡ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿದವು. ಅದರೊಳಗಿನ ಥಯೋಯೂರಿಯಾ ಭಾಗದ ಮೇಲೆ ಅನುಮಾನ ಬಂತು. ಆ ಜಾಗಕ್ಕೆ ಸಯನೋಗ್ವಾನಿಡೀನ್ ಗುಂಪನ್ನು ತಂದರು. ಹಾಗೆ ಹುಟ್ಟಿದ ಸಿಮೆಟಿಡೀನ್ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂತು. ಲಕ್ಷಾಂತರ ಜನರ ಹುಣ್ಣು ಮಾತ್ರೆಯಿಂದಲೇ ವಾಸಿಯಾಯಿತು. ಕೆಟ್ಟ ಸುದ್ದಿಯನ್ನು ಯಾರೋ ಸ್ಪಷ್ಟವಾಗಿ ಹೇಳಿದ್ದರಿಂದಲೇ ಮುಂದಿನ ದಾರಿ ಕಂಡಿತು, ಅಲ್ವಾ?

ಔಷಧವನ್ನು ದೇಹ ಹೇಗೆ ಬದಲಿಸುತ್ತದೆ ಅಂತ ನೋಡುವ ಡ್ರಗ್ ಮೆಟಬಾಲಿಸಂ ತಂಡವೂ ನನಗೆ ಇದನ್ನೇ ಕಲಿಸಿತು. ಟರ್ಫೆನಡೀನ್ ಅಲರ್ಜಿಯ ಔಷಧವಾಗಿತ್ತು. ಕೆಲವು ಆ್ಯಂಟಿಬಯಾಟಿಕ್ ಮತ್ತು ಫಂಗಸ್ ಔಷಧಗಳ ಜೊತೆ ತೆಗೆದುಕೊಂಡಾಗ ಲಿವರ್ ಅದನ್ನು ಒಡೆಯಲಾಗದೆ, ರಕ್ತದಲ್ಲಿ ಅದು ಏರಿ, ಹೃದಯದ ಬಡಿತ ತಪ್ಪುತ್ತಿತ್ತು. ಮಾಮೂಲಿಯಾಗಿ ಲಿವರ್ ಅದನ್ನು ಫೆಕ್ಸೊಫೆನಡೀನ್ ಆಗಿ ಬದಲಿಸುತ್ತದೆ. ಆ ಬದಲಾದ ರೂಪವೇ ಮುಂದೆ ಸುರಕ್ಷಿತ ಔಷಧವಾಯಿತು. ದೇಹ ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಡಿಸೈನ್ ಮಾಡಿ ಅಂತ ನೀವು ಹಟ ಹಿಡಿದು ಹೇಳುತ್ತಿದ್ದಿರಿ. ಆ ಹಟಕ್ಕೆ ಧನ್ಯವಾದ.

ಇನ್ನೊಬ್ಬರ ಹೆಸರು ಬರೆಯುವುದಿಲ್ಲ, ಅವರಿಗೆ ಗೊತ್ತಾಗುತ್ತದೆ. ನಾವೊಂದು ಹೊಸ ಟಾರ್ಗೆಟ್ ಮೇಲೆ ಕೆಲಸ ಶುರುಮಾಡಿದ್ದೆವು. ಅನೇಕ ಕಾಂಪೌಂಡ್‌ಗಳನ್ನು ಜಾಲಾಡುವ ಸ್ಕ್ರೀನಿಂಗ್‌ನಲ್ಲಿ ಒಂದು ಒಳ್ಳೆಯ ಹಿಟ್, ಅಂದರೆ ಆ ಟಾರ್ಗೆಟ್ ಮೇಲೆ ಪರಿಣಾಮ ತೋರಿಸಿದ ಕಾಂಪೌಂಡ್, ಸಿಕ್ಕಿತ್ತು, ಇಡೀ ತಂಡಕ್ಕೆ ಹುರುಪು ಬಂದಿತ್ತು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಕೆಮಿಸ್ಟ್ ಅದನ್ನು ಬೇರೆ ದಾರಿಯಲ್ಲಿ ಮತ್ತೆ ತಯಾರಿಸಿ, ಶುದ್ಧ ಮಾಡಿ, ಪರೀಕ್ಷೆಗೆ ಕಳಿಸಿದಳು. ಆಮೇಲೆ ನೇರ ನನ್ನ ರೂಮಿಗೆ ಬಂದಳು. ‘ಮೇಡಂ, ಇದು ಕಾಂಪೌಂಡ್‌ನ ಕೆಲಸ ಅಲ್ಲ. ಅದರಲ್ಲಿ ಉಳಿದಿದ್ದ ಸತುವಿನದ್ದು.’ ಲೋಹದ ಅಂಶ ಹೀಗೆ ದಾರಿ ತಪ್ಪಿಸುವುದು ನಮ್ಮ ಕೆಲಸದಲ್ಲಿ ಇದ್ದದ್ದೇ. ಆದರೆ ಎಲ್ಲರೂ ಖುಷಿಯಲ್ಲಿರುವಾಗ, ಯಾರೂ ಕೇಳದೇ ಇರುವಾಗ, ಪರೀಕ್ಷಿಸಿ ನೋಡಿ ಬಂದು ಹೇಳಲು ಧೈರ್ಯ ಬೇಕು. ಸುಮ್ನೆ ಇದ್ದಿದ್ದರೂ ಯಾರೂ ಅವಳನ್ನು ದೂರುತ್ತಿರಲಿಲ್ಲ. ಆ ಸಂಜೆಯೇ ಕೆಲಸ ನಿಲ್ಲಿಸಿದೆವು. ಅಲ್ಲಿ ಉಳಿದ ಜನ ಮತ್ತು ಸಮಯ ಹೋದದ್ದು ಇನ್ನೊಂದು ಪ್ರಾಜೆಕ್ಟಿಗೆ. ಅದರ ಕಾಂಪೌಂಡ್ ಇಂದು ರೋಗಿಗಳ ಟ್ರಯಲ್‌ನಲ್ಲಿದೆ. ನಾಯಕತ್ವದ ಬಗ್ಗೆ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅವಳೇ. ಅಂಥವರು ಹೆದರದೆ ಒಳಗೆ ಬರುವಂತೆ ಬಾಗಿಲು ತೆರೆದಿಡುವುದೇ ಮುಖ್ಯಸ್ಥರ ಮೊದಲ ಕೆಲಸ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಡಿಗ್ರಿ ನೋಡದೆ, ಕೆಲಸ ನೋಡಿ ಪೇಟೆಂಟ್‌ನಲ್ಲಿ ಹೆಸರು ಹಾಕಬೇಕು ಅಂತ ನಾನು ಪಟ್ಟು ಹಿಡಿದಾಗ ಜೊತೆಗೆ ನಿಂತ ಪೇಟೆಂಟ್ ವಕೀಲರಿಗೂ ವಂದನೆ. ಅಮೆರಿಕದ ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಪಿಎಚ್‌ಡಿ ಮುಗಿಸಿರಲಿಲ್ಲ. ಆದರೂ ರಕ್ತದ ಕ್ಯಾನ್ಸರ್‌ಗೆ 6-ಮರ್ಕ್ಯಾಪ್ಟೊಪ್ಯೂರಿನ್ ಕೊಟ್ಟ ಕೈಗಳಲ್ಲಿ ಅವರದೂ ಸೇರಿತ್ತು. 1988ರ ವೈದ್ಯಕೀಯ ನೊಬೆಲ್ ಅನ್ನು ಬ್ಲ್ಯಾಕ್ ಮತ್ತು ತಮ್ಮ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಅವರ ಜೊತೆ ಹಂಚಿಕೊಂಡರು. ನಮ್ಮ ಲ್ಯಾಬಿನ ಟೆಕ್ನಿಷಿಯನ್‌ಗಳ ಜೊತೆ ಕೆಲಸ ಮಾಡುವಾಗ ನನಗೆ ಅವರ ನೆನಪು ಸದಾ ಇರುತ್ತಿತ್ತು.

ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಗ್ರಾಫ್ ಓದಲು ನನಗೆ ಕಲಿಸಿದ ಗುರುಗಳಿಗೆ, ಪ್ರತಿ ಪೀಕ್‌ಗೂ ಕಾರಣ ಕೇಳುತ್ತಿದ್ದ ಆ ತಾಳ್ಮೆಗೆ, ನಮಸ್ಕಾರ. ಮನೆಯವರಿಗೆ ಎದುರಿಗೇ ಹೇಳಿದ್ದೇನೆ.

ಕೊನೆಗೆ, ಟ್ರಯಲ್‌ಗಳಲ್ಲಿ ಪಾಲ್ಗೊಂಡವರಿಗೆ. ಮೊದಲ ಹಂತದಲ್ಲಿ ಹೆಚ್ಚಾಗಿ ಆರೋಗ್ಯವಂತರೇ ಇರುತ್ತಾರೆ. ಆ ಮಾತ್ರೆಯಿಂದ ಅವರಿಗೆ ಆರೋಗ್ಯದ ಲಾಭ ಏನೂ ಇರುವುದಿಲ್ಲ. ಹಾಗೆ ಮನುಷ್ಯರ ಪರೀಕ್ಷೆಗೆ ಕಾಲಿಟ್ಟ ಹತ್ತು ಕಾಂಪೌಂಡ್‌ಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಔಷಧವಾಗುತ್ತದೆ. ಉಳಿದವುಗಳ ಟ್ರಯಲ್‌ಗೆ ಬಂದವರೂ ತೋಳು ಚಾಚಿ ರಕ್ತ ಕೊಟ್ಟರು, ಮನೆ ಬಿಟ್ಟು ರಾತ್ರಿ ಕಳೆದರು. ನಮ್ಮ ದಾಖಲೆಗಳಲ್ಲಿ ನೀವು ಬರೀ ಸಂಖ್ಯೆಗಳು, ಹೆಸರು ನಮಗೆ ತಿಳಿಯುವಂತಿಲ್ಲ. ಇದನ್ನು ಓದುತ್ತಿರುವವರಲ್ಲಿ ಅಂಥವರು ಯಾರಾದರೂ ಇದ್ದರೆ, ನಮ್ಮ ಇಡೀ ತಂಡದ ಪರವಾಗಿ ನಿಮಗೆ ಕೈಮುಗಿಯುತ್ತೇನೆ.